ಡೈನೋಸಾರ್‌ಗಳನ್ನ ಮುಗಿಸಿದ್ದು ಯಾರು? ಆಕಾಶದಿಂದ ಬಿದ್ದ ಕಲ್ಲಾ, ನಮ್ಮ ದಖ್ಖನ್ನಿನ ಲಾವಾನಾ?

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ರಾತ್ರಿ ಮಲಗೋ ಮುಂಚೆ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತಿನ ಎಪಿಸೋಡ್ ಒಂದು ಹಳೇ ಕೇಸಿನ ಬಗ್ಗೆ. ಎಷ್ಟು ಹಳೇದು ಅಂದ್ರೆ 6.6 ಕೋಟಿ ವರ್ಷ ಹಳೇದು. ಡೈನೋಸಾರ್‌ಗಳು ಹೇಗೆ ನಿರ್ನಾಮ ಆದವು ಅನ್ನೋ ಪ್ರಶ್ನೆ.

ಇದಕ್ಕೆ ಉತ್ತರ ಗೊತ್ತು ಬಿಡಿ ಅಂತ ನೀವು ಹೇಳಬಹುದು. ರೀಲ್ಸ್‌ನಲ್ಲಿ ನೋಡಿರ್ತೀರಿ. ದೊಡ್ಡ ಕಲ್ಲು ಬಿತ್ತು, ಬೆಂಕಿ ಹತ್ಕೊಂಡಿತು, ಎಲ್ಲ ಖಲಾಸ್. ಮೂವತ್ತು ಸೆಕೆಂಡಲ್ಲಿ ಕತೆ ಮುಗೀತು. ಆದರೆ ವಿಜ್ಞಾನಿಗಳು ಈ ವಿಷಯಕ್ಕೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕಿತ್ತಾಡಿದ್ದಾರೆ. ಯಾಕಂದ್ರೆ ಈ ಕೇಸಲ್ಲಿ ಆರೋಪಿಗಳು ಇಬ್ಬರು. ಒಬ್ಬ ಮೆಕ್ಸಿಕೋದಲ್ಲಿ ಬಿದ್ದ ಕ್ಷುದ್ರಗ್ರಹ. ಇನ್ನೊಬ್ಬ ನಮ್ಮ ಮನೆಯವನೇ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯವರು ದಿನಾ ತುಳಿದು ಓಡಾಡೋ ಕಪ್ಪು ಕಲ್ಲು. ದಖ್ಖನ್ನಿನ ಲಾವಾ.

ಇವರಿಬ್ಬರಲ್ಲಿ ಯಾರು ಅನ್ನೋದನ್ನ ಇವತ್ತು ಸಾಕ್ಷಿ ಸಮೇತ ನೋಡೋಣ.

ಮೊದಲು ಒಂದು ಅಳತೆಪಟ್ಟಿ

6.6 ಕೋಟಿ ವರ್ಷ ಅಂದ್ರೆ ನಮ್ಮ ತಲೆಗೆ ಏನೂ ಹೊಳೆಯಲ್ಲ. ಅದಕ್ಕೆ ಒಂದು ಲೆಕ್ಕ ಮಾಡೋಣ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಕೊಳ್ಳಿ. ನೀವು ಬೆಂಗಳೂರಲ್ಲಿ ನಿಂತಿದ್ದೀರಿ, ಕಾಲದಲ್ಲಿ ಹಿಂದಕ್ಕೆ ನಡೀತಾ ಹೋಗ್ತೀರಿ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಸುಮಾರು 8 ಸೆಂಟಿಮೀಟರ್ ದೂರದಲ್ಲಿ ಸಿಗುತ್ತೆ. 1336ರಲ್ಲಿ ವಿಜಯನಗರ ಸ್ಥಾಪನೆ ಆಯ್ತಲ್ಲ, ಅದು 70 ಸೆಂಟಿಮೀಟರ್ ಹತ್ತಿರ, ಅಂದ್ರೆ ಒಂದು ಹೆಜ್ಜೆ. ಡೈನೋಸಾರ್‌ಗಳ ಕೊನೆ? 66 ಕಿಲೋಮೀಟರ್. ಹೆಚ್ಚೂಕಮ್ಮಿ ತುಮಕೂರು ಮುಟ್ಟಿರ್ತೀರಿ.

ಈ ಅಳತೆಪಟ್ಟಿ ನೆನಪಲ್ಲಿಟ್ಕೊಳ್ಳಿ, ಮುಂದೆ ತುಂಬಾ ಕೆಲಸಕ್ಕೆ ಬರುತ್ತೆ. ಯಾಕಂದ್ರೆ ಈ ಕೇಸು ನಿಂತಿರೋದೇ ಟೈಮಿಂಗ್ ಮೇಲೆ.

ಡೈನೋಸಾರ್‌ಗಳು ಭೂಮಿ ಮೇಲೆ ಸುಮಾರು 16 ಕೋಟಿ ವರ್ಷ ಇದ್ದವು. ಬೆನ್ನ ಮೇಲೆ ಫಲಕಗಳಿದ್ದ ಸ್ಟೆಗೋಸಾರಸ್, ದೊಡ್ಡ ದವಡೆಯ ಟಿ-ರೆಕ್ಸ್ ಎರಡೂ ಒಟ್ಟಿಗೆ ಹೊಡೆದಾಡೋ ಚಿತ್ರ ನೋಡಿರ್ತೀರಿ. ನಿಜದಲ್ಲಿ ಅವು ಒಂದನ್ನೊಂದು ನೋಡೇ ಇಲ್ಲ. ಅವುಗಳ ನಡುವೆ 8 ಕೋಟಿ ವರ್ಷದ ಅಂತರ ಇದೆ. ಟಿ-ರೆಕ್ಸ್ ಕಾಲದಿಂದ ಸ್ಟೆಗೋಸಾರಸ್ ಎಷ್ಟು ದೂರವೋ, ಅದಕ್ಕಿಂತ ನಾವು ನೀವು ಟಿ-ರೆಕ್ಸ್‌ಗೆ ಹತ್ತಿರ. ಅಷ್ಟು ಕಾಲ ಬಾಳಿದ ಗುಂಪು ಅದು. ಅಂಥದ್ದು ಯಾಕೆ ಹೋಯ್ತು?

ಹಳೇ ಕಾಲದಲ್ಲಿ ಇದಕ್ಕೆ ತರಹೇವಾರಿ ಉತ್ತರ ಇದ್ದವು. ಸಣ್ಣ ಸಸ್ತನಿಗಳು ಡೈನೋಸಾರ್ ಮೊಟ್ಟೆ ತಿಂದು ಮುಗಿಸಿದವು ಅಂತ ಒಂದು. ದೇಹ ಅತಿಯಾಗಿ ಬೆಳೆದು ಅವುಗಳಿಗೇ ಭಾರ ಆಯ್ತು ಅಂತ ಇನ್ನೊಂದು. ಕೇಳೋಕೆ ಚೆನ್ನಾಗಿವೆ. ಆದರೆ ಒಂದೇ ಪ್ರಶ್ನೆಗೆ ಎಲ್ಲ ಬಿದ್ದು ಹೋಗ್ತವೆ: ಹಾಗಾದ್ರೆ ಸಮುದ್ರದಲ್ಲಿ ಸತ್ತವರ ಗತಿ ಏನು?

ಯಾಕಂದ್ರೆ ಆಗ ಹೋಗಿದ್ದು ಡೈನೋಸಾರ್ ಮಾತ್ರ ಅಲ್ಲ. ಭೂಮಿಯ ಜೀವಜಾತಿಗಳಲ್ಲಿ ಸುಮಾರು ಮುಕ್ಕಾಲು ಭಾಗ ಹೋಯ್ತು. ಕೆಲವರ ಮನೆಯ ದೇವರಕೋಣೆಯಲ್ಲಿ ಸಾಲಿಗ್ರಾಮ ಇರುತ್ತಲ್ಲ, ಅದರೊಳಗಿನ ಚಕ್ರದ ಗುರುತು ಅಮ್ಮೊನೈಟ್ ಅನ್ನೋ ಸಮುದ್ರಜೀವಿಯ ಪಳೆಯುಳಿಕೆ. ಕೋಟ್ಯಂತರ ವರ್ಷ ಸಮುದ್ರದ ತುಂಬಾ ಇದ್ದ ಆ ಅಮ್ಮೊನೈಟ್ ವಂಶ ಇದೇ ಹೊತ್ತಿಗೆ ಕೊನೆಯಾಯ್ತು. ಆಕಾಶದ ಟೆರೋಸಾರ್‌ಗಳು ಹೋದವು. ಸಮುದ್ರದ ದೈತ್ಯ ಹಲ್ಲಿಗಳಂತಿದ್ದ ಮೊಸಾಸಾರ್‌ಗಳು ಹೋದವು. ಕಣ್ಣಿಗೆ ಕಾಣದಷ್ಟು ಸಣ್ಣ, ಸುಣ್ಣದ ಚಿಪ್ಪಿನ ತೇಲುಜೀವಿಗಳಲ್ಲಿ ಬಹುಪಾಲು ಹೋದವು. ಮೊಟ್ಟೆ ಕದ್ದು ತಿಂದ ಇಲಿಯಂಥ ಪ್ರಾಣಿ ಇದನ್ನೆಲ್ಲ ಮಾಡೋಕೆ ಸಾಧ್ಯವಾ?

ಅಂದ್ರೆ ನಮಗೆ ಬೇಕಾಗಿರೋ ಕಾರಣ ನೆಲ, ನೀರು, ಆಕಾಶ ಮೂರಕ್ಕೂ ಒಟ್ಟಿಗೆ ತಟ್ಟಿರಬೇಕು. ಇಡೀ ಭೂಗೋಳಕ್ಕೆ ತಟ್ಟಿರಬೇಕು.

ಇಟಲಿಯ ಒಂದು ಸೆಂಟಿಮೀಟರ್ ಜೇಡಿ

ಇಟಲಿಯಲ್ಲಿ ಗುಬ್ಬಿಯೋ ಅಂತ ಒಂದು ಊರಿದೆ. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ಅಲ್ಲ, ಗುಬ್ಬಿಯೋ. ಅಲ್ಲಿ ಬೆಟ್ಟದ ಬದಿಯಲ್ಲಿ ಸುಣ್ಣಕಲ್ಲಿನ ಪದರಗಳು ಪುಸ್ತಕದ ಹಾಳೆಗಳ ಥರ ಜೋಡಿಸಿಟ್ಟಂತೆ ಕಾಣ್ತವೆ. ಹಿಂದೊಮ್ಮೆ ಅದು ಸಮುದ್ರದ ತಳ. ಕೆಳಗಿನ ಹಾಳೆಗಳಲ್ಲಿ ಡೈನೋಸಾರ್ ಕಾಲದ ತೇಲುಜೀವಿಗಳ ಚಿಪ್ಪು ಧಾರಾಳ. ಮೇಲಿನ ಹಾಳೆಗಳಲ್ಲಿ ಅವು ಹೆಚ್ಚೂಕಮ್ಮಿ ಮಾಯ. ಎರಡರ ನಡುವೆ ಒಂದು ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ಗೆರೆ.

1970ರ ದಶಕದಲ್ಲಿ ವಾಲ್ಟರ್ ಆಲ್ವರೆಜ್ ಅನ್ನೋ ಅಮೆರಿಕದ ಭೂವಿಜ್ಞಾನಿಗೆ ಈ ಗೆರೆ ತಲೆ ಕೆಡಿಸ್ತು. ಇಷ್ಟು ಜೇಡಿ ಕೂರೋಕೆ ಎಷ್ಟು ಕಾಲ ಬೇಕಾಯ್ತು? ಸಾವಿರ ವರ್ಷವಾ, ಲಕ್ಷ ವರ್ಷವಾ? ಅಪ್ಪನ್ನ ಕೇಳಿದರು. ಅಪ್ಪ ಅಂದ್ರೆ ಲೂಯಿಸ್ ಆಲ್ವರೆಜ್, 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರು. ಅವರು ಒಂದು ಐಡಿಯಾ ಕೊಟ್ಟರು. ಇರಿಡಿಯಂ ಅಳೆಯೋಣ.

ಇರಿಡಿಯಂ ಯಾಕೆ? ಇದು ಪ್ಲಾಟಿನಂ ಜಾತಿಯ ಲೋಹ. ಭೂಮಿ ಹುಟ್ಟುವಾಗ ಇದ್ದ ಇರಿಡಿಯಂ ಬಹುತೇಕ ಕಬ್ಬಿಣದ ಜೊತೆ ಸೇರಿ ಒಳಗಿನ ಗರ್ಭಕ್ಕೆ ಇಳಿದು ಹೋಗಿದೆ. ಮೇಲಿನ ನೆಲದಲ್ಲಿ ತುಂಬಾ ಕಮ್ಮಿ. ಆದರೆ ಬಾಹ್ಯಾಕಾಶದ ಕಲ್ಲುಗಳಲ್ಲಿ ಇನ್ನೂ ಇದೆ. ಆಕಾಶದಿಂದ ಬೀಳೋ ಧೂಳು ಯಾವಾಗಲೂ ಒಂದೇ ಸಮ ಸುರೀತಾ ಇರುತ್ತೆ ಅಂದ್ಕೊಂಡ್ರೆ, ಜೇಡಿಯಲ್ಲಿ ಎಷ್ಟು ಇರಿಡಿಯಂ ಇದೆ ಅನ್ನೋದ್ರಿಂದ ಎಷ್ಟು ವರ್ಷ ಆಯ್ತು ಅಂತ ಹೇಳಬಹುದು. ಮರಳು ಗಡಿಯಾರದ ಲೆಕ್ಕ.

ಫ್ರ್ಯಾಂಕ್ ಅಸಾರೋ ಮತ್ತು ಹೆಲೆನ್ ಮಿಶೆಲ್ ಅನ್ನೋ ರಸಾಯನ ವಿಜ್ಞಾನಿಗಳು ಅಳತೆ ಮಾಡಿದರು. ಬಂದ ಸಂಖ್ಯೆ ಗಡಿಯಾರದ ಲೆಕ್ಕಕ್ಕೇ ಸಿಗಲಿಲ್ಲ. ಮೇಲೆ ಕೆಳಗಿನ ಪದರಗಳಿಗಿಂತ ಸುಮಾರು 30 ಪಟ್ಟು ಹೆಚ್ಚು. ಡೆನ್ಮಾರ್ಕ್‌ನ ಇದೇ ವಯಸ್ಸಿನ ಜೇಡಿ ನೋಡಿದರೆ ಅಲ್ಲಿ 160 ಪಟ್ಟು. ನಿಧಾನವಾಗಿ ಸುರಿಯೋ ಧೂಳಿನಿಂದ ಇಷ್ಟು ಬರೋಕೆ ಸಾಧ್ಯ ಇಲ್ಲ. ಒಂದೇ ಸಲಕ್ಕೆ ಬಂದಿರಬೇಕು.

ಹತ್ತಿರದ ನಕ್ಷತ್ರ ಸ್ಫೋಟ ಆಗಿರಬಹುದಾ? ಅದನ್ನೂ ಚೆಕ್ ಮಾಡಿದರು. ಹಾಗಾಗಿದ್ರೆ ಒಂದು ವಿಶೇಷ ಬಗೆಯ ಪ್ಲುಟೋನಿಯಂ ಕೂಡ ಸಿಗಬೇಕಿತ್ತು. ಸಿಗಲಿಲ್ಲ. 1980ರಲ್ಲಿ ನಾಲ್ವರೂ ಸೇರಿ ತಮ್ಮ ತೀರ್ಮಾನ ಪ್ರಕಟಿಸಿದರು. ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಭೂಮಿಗೆ ಗುದ್ದಿದೆ, ಎದ್ದ ಧೂಳು ಸೂರ್ಯನನ್ನ ಮುಚ್ಚಿದೆ, ಗಿಡ ಸತ್ತಿದೆ, ಗಿಡದ ಹಿಂದೆ ಎಲ್ಲವೂ ಸತ್ತಿದೆ.

ಆಮೇಲೆ ಈ ಇರಿಡಿಯಂ ಗೆರೆ ಪ್ರಪಂಚದ ಎಷ್ಟೋ ಕಡೆ ಸಿಕ್ಕಿತು. ನಮ್ಮ ದೇಶದಲ್ಲೂ ಇದೆ, ಮೇಘಾಲಯದ ಉಮ್ ಸೊಹ್ರಿಂಗ್ಕ್ಯೂ ನದಿಯ ದಂಡೆಯಲ್ಲಿ.

ಕುಳಿ ಎಲ್ಲಿದೆ ತೋರಿಸಿ

ಎದುರಾಳಿಗಳು ಸುಮ್ಮನಿರ್ತಾರಾ? ಸರಿ ಸ್ವಾಮಿ, ಇಷ್ಟು ದೊಡ್ಡ ಕಲ್ಲು ಬಿದ್ದಿದ್ರೆ ಕುಳಿ ಎಲ್ಲಿ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ.

ತಮಾಷೆ ಏನು ಗೊತ್ತಾ? ಕುಳಿ ಆಗಲೇ ಸಿಕ್ಕಿತ್ತು. 1978ರಲ್ಲಿ ಗ್ಲೆನ್ ಪೆನ್‌ಫೀಲ್ಡ್ ಅನ್ನೋ ಭೂಭೌತವಿಜ್ಞಾನಿ ಮೆಕ್ಸಿಕೋದ ಸರ್ಕಾರಿ ತೈಲ ಕಂಪನಿ ಪೆಮೆಕ್ಸ್‌ಗಾಗಿ ಯುಕಾಟಾನ್ ಕರಾವಳಿಯಲ್ಲಿ ಸರ್ವೆ ಮಾಡ್ತಿದ್ದರು. ಕಾಂತಕ್ಷೇತ್ರದ ನಕ್ಷೆಯಲ್ಲಿ ಸಮುದ್ರದೊಳಗೆ ಒಂದು ದೊಡ್ಡ ಅರ್ಧವೃತ್ತ ಕಾಣಿಸ್ತು. ನೆಲದ ಮೇಲಿನ ಹಳೇ ನಕ್ಷೆ ಪಕ್ಕಕ್ಕೆ ಇಟ್ಟರೆ ಇನ್ನೊಂದು ಅರ್ಧವೃತ್ತ. ಎರಡೂ ಸೇರಿಸಿದರೆ ಪೂರ್ತಿ ಉಂಗುರ. ಆಂಟೋನಿಯೊ ಕಮಾರ್ಗೊ ಜೊತೆ ಸೇರಿ 1981ರಲ್ಲಿ ಒಂದು ಸಮ್ಮೇಳನದಲ್ಲಿ ಇದನ್ನ ಹೇಳಿದರು. ಹೆಚ್ಚು ಜನ ಗಮನ ಕೊಡಲಿಲ್ಲ. ಆಲನ್ ಹಿಲ್ಡೆಬ್ರಾಂಡ್ ಅನ್ನೋ ಸಂಶೋಧಕ ಪೆನ್‌ಫೀಲ್ಡ್ ಜೊತೆ ಸೇರಿಕೊಂಡು, ಅಲ್ಲಿನ ಹಳೇ ಕೊಳವೆಬಾವಿಯ ಕಲ್ಲು ಪರೀಕ್ಷೆ ಮಾಡಿ, ವಿಷಯ ಪಕ್ಕಾ ಆಗಿ ಪ್ರಕಟವಾಗೋ ಹೊತ್ತಿಗೆ 1991 ಬಂತು.

ಅದೇ ಚಿಕ್ಷುಲೂಬ್ ಕುಳಿ. ಅಗಲ ಸುಮಾರು 180 ಕಿಲೋಮೀಟರ್. ಬೆಂಗಳೂರಿನಿಂದ ಹಾಸನದಷ್ಟು. ಇವತ್ತು ಹೋದ್ರೆ ಕಣ್ಣಿಗೆ ಕಾಣಲ್ಲ, ಮೇಲೆ ನೂರಾರು ಮೀಟರ್ ಸುಣ್ಣಕಲ್ಲು ಕೂತಿದೆ. ಆದರೆ ಅಂಚಿನುದ್ದಕ್ಕೂ ಸಿಹಿನೀರಿನ ಗುಂಡಿಗಳು ಬಿಲ್ಲಿನ ಆಕಾರದಲ್ಲಿ ಸಾಲಾಗಿವೆ. ಕೆಳಗಿರೋ ಕುಳಿಯ ಅಂಚನ್ನ ಅವು ತೋರಿಸ್ತವೆ.

2016ರಲ್ಲಿ ವಿಜ್ಞಾನಿಗಳ ತಂಡ ಸಮುದ್ರದ ಮೇಲಿಂದ ಆ ಕುಳಿಗೇ ಕೊಳವೆ ಇಳಿಸಿ ಕಲ್ಲಿನ ಉದ್ದನೆಯ ತುಂಡುಗಳನ್ನ ಎತ್ತಿತು. ಅವುಗಳಲ್ಲಿ 130 ಮೀಟರ್‌ನಷ್ಟು ಪದರ ಮೊದಲ ಒಂದೇ ದಿನದಲ್ಲಿ ತುಂಬಿಕೊಂಡದ್ದು ಅಂತ ಗೊತ್ತಾಯ್ತು. ಒಂದು ದಿನ! ನಮ್ಮ ಅಳತೆಪಟ್ಟಿಯಲ್ಲಿ ಅದು ಒಂದು ಕೂದಲಿನ ದಪ್ಪಕ್ಕಿಂತ ಕಮ್ಮಿ. ಅದೇ ಕಲ್ಲಲ್ಲಿ ಇರಿಡಿಯಂ ಕೂಡ ಸಿಕ್ಕಿತು. ಇಟಲಿಯ ಗೆರೆ, ಮೆಕ್ಸಿಕೋದ ಕುಳಿ ಎರಡಕ್ಕೂ ಗಂಟು ಬಿತ್ತು.

ಇನ್ನೂ ಒಂದು ಜಾಗ ಹೇಳ್ತೀನಿ. ಕುಳಿಯಿಂದ ಸುಮಾರು 3000 ಕಿಲೋಮೀಟರ್ ದೂರ, ಅಮೆರಿಕದ ಉತ್ತರ ಡಕೋಟಾದಲ್ಲಿ ಟ್ಯಾನಿಸ್ ಅಂತ ಇದೆ. ಅಲ್ಲಿ ಕೆಸರಲ್ಲಿ ಹೂತ ಮೀನುಗಳ ಕಿವಿರಿನಲ್ಲಿ ಸಣ್ಣ ಸಣ್ಣ ಗಾಜಿನ ಮಣಿ ಸಿಕ್ಕಿವೆ. ಡಿಕ್ಕಿಯಲ್ಲಿ ಕರಗಿದ ಕಲ್ಲು ಮೇಲಕ್ಕೆ ಹಾರಿ, ಹನಿಹನಿಯಾಗಿ ಗಟ್ಟಿಯಾಗಿ, ಮಳೆ ಥರ ವಾಪಸ್ ಬಿದ್ದದ್ದು. ಮೀನುಗಳು ಉಸಿರಾಡುವಾಗ ನೀರಿನ ಜೊತೆ ಅವು ಒಳಗೆ ಹೋಗಿವೆ. ಮರದ ಕಾಂಡದ ಉಂಗುರಗಳ ಥರ ಮೀನಿನ ಮೂಳೆಯಲ್ಲೂ ಋತುಗಳ ಗುರುತು ಇರುತ್ತೆ. 2022ರಲ್ಲಿ ಅದನ್ನ ಓದಿದ ವಿಜ್ಞಾನಿಗಳು, ಆ ಮೀನುಗಳು ಸತ್ತದ್ದು ಉತ್ತರ ಗೋಳಾರ್ಧದ ವಸಂತದಲ್ಲಿ ಅಂತ ಹೇಳಿದರು. 6.6 ಕೋಟಿ ವರ್ಷ ಹಿಂದಿನ ಘಟನೆಗೆ ಋತು ಹೇಳ್ತಾರೆ ನೋಡಿ!

ಗುದ್ದಲ್ಲ, ಕತ್ತಲು

ಇಲ್ಲಿ ಎಲ್ಲರೂ ತಪ್ಪು ತಿಳಿಯೋ ಒಂದು ವಿಷಯ ಇದೆ. ಕಲ್ಲು ಬಿದ್ದ ಏಟಿಗೆ ಪ್ರಪಂಚದ ಡೈನೋಸಾರ್‌ಗಳೆಲ್ಲ ಸತ್ತವು ಅಂತ. ಹಾಗಲ್ಲ. ಗುದ್ದು, ಸುನಾಮಿ, ಬಿಸಿಗಾಳಿ ಎಲ್ಲ ಸುತ್ತಮುತ್ತಲಿನ ಸಾವಿರಾರು ಕಿಲೋಮೀಟರ್ ನಾಶ ಮಾಡಿರುತ್ತೆ, ನಿಜ. ಆದರೆ ಭೂಗೋಳದ ಆ ಕಡೆ ಇದ್ದ ಪ್ರಾಣಿಗೆ ಅವತ್ತು ಸಂಜೆ ಇನ್ನೂ ಜೀವ ಇದ್ದಿರಬಹುದು. ಅದನ್ನ ಕೊಂದದ್ದು ನಂತರ ಬಂದ ಕತ್ತಲು.

ಕಲ್ಲು ಬಿದ್ದ ಜಾಗ ಆಳವಿಲ್ಲದ ಸಮುದ್ರ. ಅದರ ತಳದಲ್ಲಿ ಜಿಪ್ಸಂನಂಥ, ಗಂಧಕ ತುಂಬಿದ ಕಲ್ಲು. ಕುಳಿಯ ಸುತ್ತ ಈ ಜಾತಿ ಕಲ್ಲು ಬೇಕಾದಷ್ಟಿದೆ. ಆದರೆ 2016ರಲ್ಲಿ ಕುಳಿಯೊಳಗಿಂದ ಎತ್ತಿದ ತುಂಡುಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಎಲ್ಲಿ ಹೋಯ್ತು? ಆವಿಯಾಗಿ ಆಕಾಶಕ್ಕೆ ಹೋಯ್ತು. ಗಂಧಕ ಮೇಲೆ ಹೋಗಿ ನೀರಾವಿ ಜೊತೆ ಸೇರಿದರೆ ಸಣ್ಣ ಹನಿಗಳ ಪರದೆ ಆಗುತ್ತೆ, ಬಿಸಿಲನ್ನ ವಾಪಸ್ ಕಳಿಸುತ್ತೆ. ಅದರ ಜೊತೆಗೆ ಕಾಡು ಸುಟ್ಟ ಮಸಿ. ಅದರ ಜೊತೆಗೆ ಪುಡಿಯಾದ ಕಲ್ಲಿನ ನುಣ್ಣನೆ ಧೂಳು.

ಇದು ಎಷ್ಟು ಕೆಟ್ಟದ್ದು ಅಂತ ತಿಳಿಯೋಕೆ ಒಂದು ಸಣ್ಣ ಹೋಲಿಕೆ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಭೂಮಿಯ ಸರಾಸರಿ ಉಷ್ಣತೆ ಇಳಿದದ್ದು ಹೆಚ್ಚೂಕಮ್ಮಿ ಅರ್ಧ ಡಿಗ್ರಿ. ಅಷ್ಟಕ್ಕೇ ಮರುವರ್ಷ ಯುರೋಪ್‌ನಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯ್ತು, ಜನ ಹಸಿದರು. ಚಿಕ್ಷುಲೂಬ್ ನಂತರ? 2023ರ ಒಂದು ಕಂಪ್ಯೂಟರ್ ಅಧ್ಯಯನದ ಪ್ರಕಾರ ಉಷ್ಣತೆ 15 ಡಿಗ್ರಿ ತನಕ ಇಳಿದಿರಬಹುದು. ಸುಮಾರು ಎರಡು ವರ್ಷ ಗಿಡಗಳು ಬಿಸಿಲಿನಿಂದ ಆಹಾರ ಮಾಡೋ ಕೆಲಸವೇ ನಿಂತಿರಬಹುದು.

ಎರಡು ವರ್ಷ. ಅಂದ್ರೆ 2 ಮಿಲಿಮೀಟರ್. 16 ಕೋಟಿ ವರ್ಷ ಬಾಳಿದ ಗುಂಪಿಗೆ ಅಷ್ಟು ಸಾಕಾಯ್ತು. ಯಾಕಂದ್ರೆ ಗಿಡ ತಿನ್ನೋ ದೊಡ್ಡ ಪ್ರಾಣಿ ಎರಡು ತಿಂಗಳು ಕೂಡ ಉಪವಾಸ ಇರಲಾರದು. ಅದು ಹೋದ ಮೇಲೆ ಅದನ್ನ ತಿನ್ನೋದು ಹೋಯ್ತು. ಸಮುದ್ರದಲ್ಲೂ ಅದೇ ಲೆಕ್ಕ. ಮೇಲ್ಪದರದ ತೇಲುಸಸ್ಯ ಸತ್ತರೆ ಕೆಳಗಿನವರಿಗೆ ಊಟ ಇಲ್ಲ. ನೆಲ, ನೀರು, ಆಕಾಶ ಮೂರಕ್ಕೂ ತಟ್ಟೋ ಕಾರಣ ಬೇಕು ಅಂದ್ವಲ್ಲ, ಅದು ಇದು.

ಈಗ ನಮ್ಮ ಮನೆಯ ಆರೋಪಿ

ಹಾಗಾದ್ರೆ ಕೇಸ್ ಕ್ಲೋಸಾ? ನಿಲ್ಲಿ. ಎರಡನೇ ಆರೋಪಿಯನ್ನ ವಿಚಾರಿಸದೆ ತೀರ್ಪು ಕೊಡೋದು ಸರಿಯಲ್ಲ.

ಗೋಳಗುಮ್ಮಟ ನೋಡಿದ್ದೀರಲ್ಲ, ಅದನ್ನ ಕಟ್ಟಿರೋ ಕಪ್ಪು ಬೂದು ಕಲ್ಲು ಬಸಾಲ್ಟ್. ಗಟ್ಟಿಯಾದ ಲಾವಾ. ಅಜಂತಾ, ಎಲ್ಲೋರಾ ಗುಹೆ ಕೊರೆದಿರೋದೂ ಇದೇ ಜಾತಿಯ ಕಲ್ಲಲ್ಲಿ. ವಿಜಯಪುರದ ಬಿಳಿಜೋಳ ಬೆಳೆಯೋ ಎರೆಮಣ್ಣು ಈ ಕಲ್ಲು ಸವೆದು ಆದದ್ದು. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತವಲ್ಲ, ಒಂದೊಂದು ಮೆಟ್ಟಿಲೂ ಲಾವಾ ಹರಿದ ಗುರುತು. ಅದಕ್ಕೇ ಇದಕ್ಕೆ ದಖ್ಖನ್ ಟ್ರ್ಯಾಪ್ಸ್ ಅಂತ ಹೆಸರು. ಟ್ರ್ಯಾಪ್ ಅಂದ್ರೆ ಇಲ್ಲಿ ಬೋನು ಅಲ್ಲ, ಸ್ವೀಡಿಷ್ ಭಾಷೆಯ ಮೆಟ್ಟಿಲು ಅನ್ನೋ ಪದದಿಂದ ಬಂದದ್ದು.

ಇವತ್ತು ಉಳಿದಿರೋದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಇಡೀ ಕರ್ನಾಟಕದ ಎರಡೂವರೆ ಪಟ್ಟು. ಕೆಲವು ಕಡೆ 2 ಕಿಲೋಮೀಟರ್ ದಪ್ಪ. ಆಗ ಭಾರತ ಏಷ್ಯಾಕ್ಕೆ ಅಂಟಿಕೊಂಡಿರಲಿಲ್ಲ, ಸಮಭಾಜಕ ವೃತ್ತದ ದಕ್ಷಿಣಕ್ಕೆ ಸಮುದ್ರದ ನಡುವೆ ದ್ವೀಪದಂತೆ ಉತ್ತರಕ್ಕೆ ಸರೀತಾ ಇತ್ತು. ನೆಲ ಸೀಳಿ ಲಾವಾ ಬರ್ತಿತ್ತು, ನಿಲ್ತಿತ್ತು, ಮತ್ತೆ ಬರ್ತಿತ್ತು. ಒಟ್ಟು ಸುಮಾರು 10 ಲಕ್ಷ ವರ್ಷದೊಳಗೆ ಬಹುಪಾಲು ಮುಗೀತು.

ಲಾವಾ ಜೊತೆ ಗಂಧಕದ ಅನಿಲ, ಇಂಗಾಲದ ಡೈಆಕ್ಸೈಡ್ ಬರ್ತವೆ. ಒಂದು ತಂಪು ಮಾಡುತ್ತೆ, ಇನ್ನೊಂದು ಬಿಸಿ ಮಾಡುತ್ತೆ, ಸಮುದ್ರದ ನೀರನ್ನ ಹುಳಿ ಮಾಡುತ್ತೆ. ಅಮೆರಿಕದ ಡೀವಿ ಮೆಕ್ಲೀನ್, ಫ್ರಾನ್ಸಿನ ವಿನ್ಸೆಂಟ್ ಕೋರ್ಟಿಯೊ, ಪ್ರಿನ್ಸ್‌ಟನ್‌ನ ಗೆರ್ಟಾ ಕೆಲ್ಲರ್ ಇವರೆಲ್ಲ ದಖ್ಖನ್ನೇ ನಿಜವಾದ ಕಾರಣ ಅಂತ ವಾದ ಮಾಡಿದರು. ಇದು ಸುಮ್ಮನೆ ಹಟ ಅಲ್ಲ. 25.2 ಕೋಟಿ ವರ್ಷ ಹಿಂದೆ ಇದಕ್ಕಿಂತ ದೊಡ್ಡ ನಿರ್ನಾಮ ಆಯ್ತಲ್ಲ, ಆಗ ಸೈಬೀರಿಯಾದಲ್ಲಿ ಇಂಥದ್ದೇ ಲಾವಾ ಹರಿದಿತ್ತು. ಈ ಕುಟುಂಬಕ್ಕೆ ಹಳೇ ಕೇಸು ಇದೆ, ಅಷ್ಟು ಸುಲಭವಾಗಿ ಬಿಡೋಕಾಗಲ್ಲ.

ಟೈಮಿಂಗ್ ಏನು ಹೇಳುತ್ತೆ

ಈಗ ನಮ್ಮ ಅಳತೆಪಟ್ಟಿ ತೆಗೀರಿ. ಬೆಂಗಳೂರು-ತುಮಕೂರು ದಾರಿಯಲ್ಲಿ ದಖ್ಖನ್ ಲಾವಾ ಅಂದ್ರೆ ತುಮಕೂರು ಹತ್ತಿರದ ಒಂದು ಕಿಲೋಮೀಟರ್ ರಸ್ತೆ. ಕ್ಷುದ್ರಗ್ರಹ ಬಿದ್ದದ್ದು ಆ ಒಂದು ಕಿಲೋಮೀಟರಿನೊಳಗೇ ಒಂದು ಚುಕ್ಕೆ. ಅಂದ್ರೆ ಲಾವಾ ಹರೀತಿರುವಾಗಲೇ ಕಲ್ಲು ಬಿದ್ದಿದೆ. ಇದೇ ಇಷ್ಟು ದೊಡ್ಡ ಜಗಳಕ್ಕೆ ಕಾರಣ.

ಹಾಗಾದ್ರೆ ನಿರ್ನಾಮ ಆ ರಸ್ತೆಯಲ್ಲಿ ಯಾವ ಜಾಗದಲ್ಲಿ ಆಯ್ತು? 2013ರಲ್ಲಿ ಪಾಲ್ ರೆನ್ನೆ ತಂಡ ಡಿಕ್ಕಿಯ ಕಾಲವನ್ನೂ ನಿರ್ನಾಮದ ಕಾಲವನ್ನೂ ಹೊಸದಾಗಿ ಅಳೆಯಿತು. ಎರಡರ ನಡುವಿನ ಅಂತರ 32 ಸಾವಿರ ವರ್ಷಕ್ಕಿಂತ ಕಮ್ಮಿ ಅಂತ ಬಂತು. 66 ಕಿಲೋಮೀಟರ್ ದಾರಿಯಲ್ಲಿ 32 ಮೀಟರ್!

ಲಾವಾ ಕಥೆ ಅಷ್ಟು ನೀಟಾಗಿಲ್ಲ. 2019ರ ಫೆಬ್ರವರಿಯಲ್ಲಿ ಸೈನ್ಸ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ವರದಿ ಬಂದವು. ಪ್ರಿನ್ಸ್‌ಟನ್ ತಂಡ ಹೇಳಿತು: ಲಾವಾ ನಾಲ್ಕು ದೊಡ್ಡ ಅಲೆಗಳಲ್ಲಿ ಬಂತು, ಅದರಲ್ಲೊಂದು ಡಿಕ್ಕಿಗೆ ಹತ್ತಾರು ಸಾವಿರ ವರ್ಷ ಮೊದಲೇ ಶುರುವಾಗಿತ್ತು. ಬರ್ಕ್ಲಿ ತಂಡ ಹೇಳಿತು: ಹಾಗಲ್ಲ, ಸುಮಾರು ಮುಕ್ಕಾಲು ಭಾಗ ಲಾವಾ ಬಂದದ್ದು ಡಿಕ್ಕಿಯ ನಂತರ. ಒಂದೇ ಬೆಟ್ಟ, ಎರಡು ಗಡಿಯಾರ. ಒಬ್ಬರು ಬೂದಿಯಲ್ಲಿ ಸಿಕ್ಕ ಜಿರ್ಕಾನ್ ಹರಳಿನ ಯುರೇನಿಯಂ ಲೆಕ್ಕ ಹಾಕಿದ್ದರು, ಇನ್ನೊಬ್ಬರು ಲಾವಾದೊಳಗಿನ ಆರ್ಗಾನ್ ಲೆಕ್ಕ ಹಾಕಿದ್ದರು.

ಕಲ್ಲಿನ ಜಗಳ ಬಗೆಹರಿಯದಿದ್ರೆ ಹವಾಮಾನವನ್ನೇ ಕೇಳಬಹುದಲ್ಲ? 2020ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪಿನ್ಸೆಲಿ ಹಲ್ ಮತ್ತು ಜೊತೆಗಾರರು ಅದನ್ನೇ ಮಾಡಿದರು. ಸಮುದ್ರತಳದ ಚಿಪ್ಪುಗಳಲ್ಲಿ ಆ ಕಾಲದ ಉಷ್ಣತೆಯ ದಾಖಲೆ ಇರುತ್ತೆ. ಅದನ್ನ ನೋಡಿದರೆ ದಖ್ಖನ್ ಅನಿಲದಿಂದ ಭೂಮಿ ಸುಮಾರು 2 ಡಿಗ್ರಿ ಬಿಸಿಯಾದದ್ದು ನಿಜ. ಆದರೆ ಅದು ಡಿಕ್ಕಿಗೆ 2 ಲಕ್ಷ ವರ್ಷಕ್ಕೂ ಮೊದಲೇ ಆಗಿ ಮುಗಿದು, ಉಷ್ಣತೆ ವಾಪಸ್ ಇಳಿದಿತ್ತು. ಅಂದ್ರೆ 200 ಮೀಟರ್ ಹಿಂದೆಯೇ. ಆ ಬಿಸಿಗೆ ಸಾಮೂಹಿಕ ಸಾವು ಆಗಿರಲಿಲ್ಲ.

ಇನ್ನೊಂದು ಸಾಕ್ಷಿ ನಮ್ಮ ದೇಶದ್ದೇ. ಲಾವಾಕ್ಕೆ ತೀರಾ ಹತ್ತಿರ ಇದ್ದ ಡೈನೋಸಾರ್‌ಗಳು ಭಾರತದವು ತಾನೆ? ನರ್ಮದಾ ಕಣಿವೆಯಲ್ಲಿ ರಾಜಾಸಾರಸ್ ಅನ್ನೋ ಮಾಂಸಾಹಾರಿ ಇತ್ತು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕಿವೆ ಅಂತ 2023ರಲ್ಲಿ ವರದಿ ಬಂತು. ಇವೆಲ್ಲ ಲಾವಾ ಪದರದ ಕೆಳಗಿನ ಮಣ್ಣಲ್ಲಿ. ಆದರೆ ಗುಜರಾತಿನ ಕಛ್‌ನ ಅಂಜಾರ್ ಹತ್ತಿರ ಲಾವಾದ ಎರಡು ಪದರಗಳ ನಡುವಿನ ಕೆಸರಲ್ಲೂ ಡೈನೋಸಾರ್ ಮೂಳೆ, ಮೊಟ್ಟೆಚಿಪ್ಪು ಸಿಕ್ಕಿವೆ. ಇದರ ಅರ್ಥ ಏನು? ಒಮ್ಮೆ ಲಾವಾ ಹರಿದು ತಣ್ಣಗಾದ ಮೇಲೆ ಡೈನೋಸಾರ್‌ಗಳು ಮತ್ತೆ ಬಂದು, ಅದೇ ನೆಲದಲ್ಲಿ ಓಡಾಡಿ, ಮೊಟ್ಟೆ ಇಟ್ಟಿವೆ. ಜ್ವಾಲಾಮುಖಿಯ ಬಾಗಿಲಲ್ಲೇ ಸಂಸಾರ ಮಾಡಿವೆ.

ಹಾಗಾಗಿ ಇವತ್ತು ಬಹುಪಾಲು ವಿಜ್ಞಾನಿಗಳ ತೀರ್ಪು ಇದು: ಮುಖ್ಯ ಕಾರಣ ಕ್ಷುದ್ರಗ್ರಹ. ದಖ್ಖನ್ ಲಾವಾ ಮೊದಲೇ ಸ್ವಲ್ಪ ಸುಸ್ತು ಮಾಡಿತ್ತಾ, ನಂತರ ಚೇತರಿಕೆ ತಡ ಮಾಡಿತಾ ಅಥವಾ ಬಿಸಿ ಕೊಟ್ಟು ಚೇತರಿಕೆಗೆ ನೆರವಾಯ್ತಾ ಅನ್ನೋ ಚರ್ಚೆ ಇನ್ನೂ ನಡೀತಿದೆ. 2020ರ ಇನ್ನೊಂದು ಅಧ್ಯಯನ, ಚಳಿಗಾಲ ಹಿಡಿದ ಭೂಮಿಗೆ ದಖ್ಖನ್ನಿನ ಬಿಸಿ ಒಂಚೂರು ಕಂಬಳಿ ಆಗಿರಬಹುದು ಅಂತಲೂ ಹೇಳಿತು. ಆರೋಪಿ ಅಂದ್ಕೊಂಡವನು ಕೊನೆಗೆ ಸಹಾಯಕ್ಕೆ ಬಂದಿರಬಹುದು!

ಉಳಿದವರು ಯಾರು

ಯಾರು ಉಳಿದರು ಅನ್ನೋದು ಕೂಡ ಸಾಕ್ಷಿಯೇ. ಮೊಸಳೆ, ಆಮೆಗಳನ್ನ ಬಿಟ್ಟರೆ 25 ಕೆಜಿಗಿಂತ ಹೆಚ್ಚು ತೂಕದ ನೆಲದ ಪ್ರಾಣಿ ಉಳಿಯಲಿಲ್ಲ ಅಂತಾರೆ. ಉಳಿದವರು ಬಲಶಾಲಿಗಳಲ್ಲ, ಕಮ್ಮಿ ಊಟದವರು. ಮೊಸಳೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹೊಳೆ ಕೆರೆಯ ಜೀವಿಗಳಿಗೆ ಕೊಳೆತ ಎಲೆ, ಕಸ ಸಾಕು. ಬಿಲದ ಸಣ್ಣ ಸಸ್ತನಿಗೆ ಹುಳ, ಬೇರು ಸಾಕು.

ಡೈನೋಸಾರ್‌ಗಳಲ್ಲೂ ಒಂದು ಶಾಖೆ ಉಳೀತು. ಹಕ್ಕಿಗಳು. ಕಾಡು ನಾಶ ಆದಾಗ ಮರದ ಮೇಲೆ ಬಾಳೋ ಹಕ್ಕಿಗಳು ಹೋದವು, ನೆಲದ ಮೇಲೆ ಓಡಾಡ್ತಿದ್ದವು ಉಳಿದವು ಅಂತ ಒಂದು ವಾದ ಇದೆ. ಕೊಕ್ಕಿನಿಂದ ಬೀಜ ಹೆಕ್ಕಿ ತಿನ್ನೋದು ಗೊತ್ತಿದ್ದವು ಬದುಕಿದವು ಅಂತ ಇನ್ನೊಂದು. ಬೀಜ ಅಂದ್ರೆ ಕತ್ತಲಲ್ಲೂ ಕೆಡದ ಬುತ್ತಿ. ನಿಮ್ಮ ಕಿಟಕಿ ಹೊರಗೆ ಕಾಗೆ ಕೂಗ್ತಿದ್ರೆ ಅದು ಡೈನೋಸಾರ್ ವಂಶದ್ದೇ, ಸುಮ್ಮನೆ ಹೇಳ್ತಿಲ್ಲ.

ಆಮೇಲೆ ಖಾಲಿ ಜಾಗ ತುಂಬೋಕೆ ಶುರುವಾಯ್ತು. ಅಮೆರಿಕದ ಕೊಲರಾಡೋದಲ್ಲಿ ಸಿಕ್ಕ ಪಳೆಯುಳಿಕೆ ಪ್ರಕಾರ 7 ಲಕ್ಷ ವರ್ಷದೊಳಗೆ 50 ಕೆಜಿ ಆಸುಪಾಸಿನ ಸಸ್ತನಿಗಳು ಬಂದಿದ್ದವು. ಆ ದಾರಿಯಲ್ಲೇ ಎಲ್ಲೋ ನಮ್ಮ ಪೂರ್ವಜರೂ ಇದ್ದರು.

ನಮಗೆ ಇದರಿಂದ ಏನು

ಮತ್ತೆ ಅಂಥ ಕಲ್ಲು ಬಿದ್ರೆ? ಒಳ್ಳೆ ಸುದ್ದಿ ಇದೆ. ಭೂಮಿ ಹತ್ತಿರ ಬರೋ, ಒಂದು ಕಿಲೋಮೀಟರ್‌ಗಿಂತ ದೊಡ್ಡ ಕ್ಷುದ್ರಗ್ರಹಗಳಲ್ಲಿ ಬಹುಪಾಲನ್ನ ಖಗೋಳವಿಜ್ಞಾನಿಗಳು ಹುಡುಕಿ ಲೆಕ್ಕ ಇಟ್ಟಿದ್ದಾರೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮೊರ್ಫೊಸ್ ಅನ್ನೋ ಸಣ್ಣ ಕ್ಷುದ್ರಗ್ರಹಕ್ಕೆ ಬೇಕಂತಲೇ ಗುದ್ದಿ, ಅದರ ಸುತ್ತಾಟದ ಅವಧಿಯನ್ನ 32 ನಿಮಿಷ ಕಮ್ಮಿ ಮಾಡಿತು. ಡೈನೋಸಾರ್‌ಗಳಿಗೆ ಇಲ್ಲದಿದ್ದ ಅವಕಾಶ ಇದು.

ಆದರೆ ಈ ಇಡೀ ಕೇಸಿನಿಂದ ನನ್ನ ತಲೆಯಲ್ಲಿ ಉಳಿಯೋದು ಕಲ್ಲಲ್ಲ, ವೇಗ. ದಖ್ಖನ್ ಲಾವಾ ಹತ್ತಾರು ಸಾವಿರ ವರ್ಷ ತಗೊಂಡು ಭೂಮಿಯನ್ನ 2 ಡಿಗ್ರಿ ಬಿಸಿ ಮಾಡ್ತು, ಜೀವಿಗಳು ಜಾಗ ಬದಲಾಯಿಸಿ, ಅಭ್ಯಾಸ ಬದಲಾಯಿಸಿ ತಡ್ಕೊಂಡವು. ಕ್ಷುದ್ರಗ್ರಹ ಟೈಮ್ ಕೊಡಲಿಲ್ಲ, ತಡ್ಕೊಳ್ಳೋಕೆ ಆಗಲಿಲ್ಲ. ಬದಲಾವಣೆ ಎಷ್ಟು ದೊಡ್ಡದು ಅನ್ನೋದರಷ್ಟೇ, ಅದು ಎಷ್ಟು ಬೇಗ ಬಂತು ಅನ್ನೋದೂ ಮುಖ್ಯ.

ಈಗ ಅಳತೆಪಟ್ಟಿಯನ್ನ ಕೊನೇ ಸಲ ನೋಡಿ, ನೀವು ನಿಂತಿರೋ ತುದಿಯನ್ನ. ಕೈಗಾರಿಕೆಗಳು ಶುರುವಾಗೋ ಮೊದಲು ಗಾಳಿಯಲ್ಲಿ ಪ್ರತಿ ಹತ್ತು ಲಕ್ಷ ಕಣಕ್ಕೆ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು. ಈಗ 420 ದಾಟಿದೆ. ಭೂಮಿ ಆಗಲೇ ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದೆ. ಇದೆಲ್ಲ ಆಗಿರೋದು ಎಷ್ಟು ದೂರದಲ್ಲಿ ಗೊತ್ತಾ? ಒಂದು ಗೇಣಿನೊಳಗೆ. ಲಾವಾಕ್ಕೆ ಹತ್ತಾರು ಮೀಟರ್ ಬೇಕಾಗಿತ್ತು.

ನಾವು ಕ್ಷುದ್ರಗ್ರಹದಷ್ಟು ವೇಗ ಇಲ್ಲ, ಸರಿ. ಆದರೆ ದಖ್ಖನ್ನಿಗಿಂತ ತುಂಬಾ ಮುಂದೆ ಇದ್ದೀವಿ. ಮುಂದಿನ ಸಲ ಗೋಳಗುಮ್ಮಟಕ್ಕೆ ಹೋದಾಗ ಪ್ರತಿಧ್ವನಿ ಕೇಳೋ ಮುಂಚೆ ಗೋಡೆ ಮೇಲೊಮ್ಮೆ ಕೈ ಇಡಿ. ಆ ಕಲ್ಲು ಡೈನೋಸಾರ್ ಕೇಸಲ್ಲಿ ಹೆಚ್ಚೂಕಮ್ಮಿ ಖುಲಾಸೆ ಆಗಿದೆ.

ಇವತ್ತಿಗೆ ಇಷ್ಟು. ಪ್ರಶ್ನೆ ಇದ್ರೆ ಕಳಿಸಿ, ಡೈನೋಸಾರ್ ಹುಚ್ಚು ಇರೋ ತಮ್ಮ ತಂಗಿಯರಿಗೆ ಇದನ್ನ ಕೇಳಿಸಿ.